ಕಾಳುಮೆಣಸಿನ ಒಂದು ಅಣು ಸಾಕಿತ್ತು

ನಮಸ್ಕಾರ.

ನೀವು ಕಳಿಸಿದ ‘ಅಣುಗಳ ತೂಕದ ರಹಸ್ಯ’ ಲೇಖನ ಓದಿದೆ. ಈಗಿರುವ ರೂಪದಲ್ಲಿ ಪತ್ರಿಕೆಯಲ್ಲಿ ಹಾಕಲಾರೆ. ಅಣುಗಳನ್ನು ತೂಗುವ ಯಂತ್ರವಾದ ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಒಂದೇ ವಸ್ತು ಹಲವು ಗೆರೆಗಳಾಗಿ ಕಾಣುವುದೇಕೆ, ಆ ಗೆರೆಗಳ ಎತ್ತರವನ್ನು ಮೊದಲೇ ಲೆಕ್ಕ ಹಾಕುವುದು ಹೇಗೆ ಎಂದು ಕನ್ನಡದಲ್ಲಿ ಬರೆಯಲು ಹೊರಡುವವರು ಕಡಿಮೆ. ಹಾಗಾಗಿ ಎರಡು ಸಾಲಿನ ವಿಷಾದಪತ್ರ ಕಳಿಸಿ ಕೈತೊಳೆದುಕೊಳ್ಳುವ ಮನಸ್ಸಾಗಲಿಲ್ಲ.

ಮೊದಲ ಎರಡು ಪುಟ ಬ್ರಿಟಿಷ್ ವಿಜ್ಞಾನಿ ಆಸ್ಟನ್ ಚರಿತ್ರೆ. 1919ರಲ್ಲಿ ಇಂಥ ಉಪಕರಣ ಕಟ್ಟಿದರು, 1922ರಲ್ಲಿ ನೊಬೆಲ್ ಬಂತು. ಇಷ್ಟೇ ಸಾಕು. ಕೈಗಾ ಅಣುಸ್ಥಾವರದ ಭಾರಜಲದ ಪ್ಯಾರಾ ಪೂರ್ತಿ ತೆಗೆಯಿರಿ. ಅದು ಡ್ಯೂಟೀರಿಯಂ ಅನ್ನು, ಅಂದರೆ ಭಾರದ ಹೈಡ್ರೋಜನ್ನನ್ನು, ಸಾಂದ್ರಗೊಳಿಸಿದ ನೀರು. ನಿಮ್ಮ ಲೆಕ್ಕ ನಿಂತಿರುವುದು ನಿಸರ್ಗದಲ್ಲಿ ಸಿಗುವ ಪ್ರಮಾಣದ ಮೇಲೆ. ಕಾರವಾರದ ಓದುಗರ ಖುಷಿಗೆ ಸೇರಿಸಿದ್ದು ಅಂತ ಗೊತ್ತಾಗ್ತದೆ ಮಾರಾಯ್ರೇ.

ಮೂರನೇ ಪುಟದಲ್ಲಿ ಐಸೊಟೋಪುಗಳ (ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳ) ಉದ್ದನೆಯ ಕೋಷ್ಟಕ ಕೊಟ್ಟು, ‘ಇವನ್ನು ದ್ವಿಪದ ಸೂತ್ರಕ್ಕೆ ಹಾಕಿದರೆ ಉತ್ತರ ಸಿಗುತ್ತದೆ’ ಎಂದು ಮುಂದೆ ಹೋಗಿದ್ದೀರಿ. ಓದುಗ ಕಾದು ಕೂತದ್ದೇ ಅದನ್ನು ನೋಡಲು! ಶಿರಸಿ ಕಡೆಯವರು ನೀವು, ಅಡಿಕೆ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ ಕಣ್ಣೆದುರೇ ಇದೆ. ಕಾಳುಮೆಣಸಿನ ಖಾರ ಪೈಪರಿನ್‌ನದು. ಅದರ ಒಂದು ಅಣುವಿನಲ್ಲಿ 17 ಕಾರ್ಬನ್ ಪರಮಾಣು. ಒಂದೊಂದು ಕಾರ್ಬನ್ನೂ ಭಾರದ ಕಾರ್ಬನ್-13 ಆಗಿರುವ ಸಂಭವ 1.07 ಶೇಕಡಾ. ಹದಿನೇಳೂ ಹಗುರದ ಕಾರ್ಬನ್-12 ಆಗಿರಬೇಕಾದರೆ 0.9893 ಅನ್ನು ಹದಿನೇಳು ಸಲ ಗುಣಿಸಬೇಕು: ಸುಮಾರು 83 ಶೇಕಡಾ. ಒಂದೇ ಒಂದು ಭಾರದ್ದಾಗಿರುವ ಅಣುಗಳು 15 ಶೇಕಡಾ, ಯಾಕೆಂದರೆ ಆ ಒಂದು ಹದಿನೇಳು ಜಾಗಗಳಲ್ಲಿ ಎಲ್ಲಿ ಬೇಕಾದರೂ ಕೂರಬಹುದು. ಎರಡು ಭಾರದ್ದಾಗಿರುವುದು 1.3. ಹೈಡ್ರೋಜನ್, ನೈಟ್ರೋಜನ್, ಆಕ್ಸಿಜನ್ನನ್ನೂ ಸೇರಿಸಿದರೆ ಎಲ್ಲವೂ ಹಗುರವಾಗಿರುವ ಅಣುವಿನ 285ರ ಗೆರೆಯನ್ನು 100 ಎಂದಿಟ್ಟುಕೊಂಡಾಗ, ಒಂದು ಭಾರದ್ದಿರುವ 286ರದ್ದು 19ರ ಹತ್ತಿರ ಬರುತ್ತದೆ. ಕ್ಯಾಲ್ಕುಲೇಟರ್ ಹಿಡಿದ ಪಿಯುಸಿ ಹುಡುಗಿ ಇದನ್ನು ತಾನೇ ಮಾಡಿ ನೋಡಬಲ್ಲಳು. ನಿಮ್ಮ ಕೋಷ್ಟಕದಿಂದ ಆಕೆಗೆ ಏನೂ ಸಿಗುವುದಿಲ್ಲ.

ಇನ್ನು ತಪ್ಪುಗಳು. ‘ಅತಿ ಹಗುರದ ಅಣುವಿನ ಗೆರೆಯೇ ಯಾವಾಗಲೂ ಎತ್ತರ’ ಎಂದು ಬರೆದಿದ್ದೀರಿ. ಅಲ್ಲ. ನಮ್ಮ ಕರಾವಳಿಯ ಗೇರುತೋಟಗಳು ಮರೆಯಲಾಗದ, ಸುಪ್ರೀಂ ಕೋರ್ಟ್ 2011ರಲ್ಲಿ ನಿಷೇಧಿಸಿದ ಕೀಟನಾಶಕ ಎಂಡೋಸಲ್ಫಾನ್ ತೆಗೆದುಕೊಳ್ಳಿ. ಅದರಲ್ಲಿ ಆರು ಕ್ಲೋರಿನ್. ಕ್ಲೋರಿನ್ನಿನಲ್ಲಿ ಕಾಲುಭಾಗದಷ್ಟು (24.2 ಶೇಕಡಾ) ಕ್ಲೋರಿನ್-37 ಇರುವುದರಿಂದ ಆರೂ ಹಗುರವಾಗಿರುವ ಅಣು 19 ಶೇಕಡಾ ಮಾತ್ರ, ಒಂದು ಭಾರದ್ದಿರುವುದು 36, ಎರಡು ಭಾರದ್ದಿರುವುದು 29. ಅಣು ಮುರಿಯದೆ ಉಳಿದರೆ ಅತಿ ಎತ್ತರದ ಗೆರೆ ಒಂದು ಭಾರದ್ದಿರುವ 405.8ರಲ್ಲಿ, ಎಲ್ಲವೂ ಹಗುರವಾದ 403.8ರಲ್ಲಲ್ಲ. ನೀವು ಎಲ್ಲ ಕಡೆ ಬಳಸಿದ ಪಠ್ಯಪುಸ್ತಕದ ಸರಾಸರಿ ತೂಕ (ಎಂಡೋಸಲ್ಫಾನಿಗೆ 406.9) ತಕ್ಕಡಿಯಲ್ಲಿ ತೂಗುವವರಿಗೆ ಸರಿ. ಈ ಯಂತ್ರ ಅಣುಗಳನ್ನು ತೂಕವಾರು ಬೇರೆ ಮಾಡುತ್ತದೆ, ಕಾರ್ಬನ್ನಿನ ಸರಾಸರಿಯಾದ 12.011 ತೂಗುವ ಒಂದೇ ಒಂದು ಕಾರ್ಬನ್ ಪರಮಾಣು ಎಲ್ಲೂ ಇಲ್ಲ. ಈ ತಪ್ಪು ಲೇಖನದುದ್ದಕ್ಕೂ ಇದೆ, ಪ್ರತಿ ಅಂಕಿಯನ್ನೂ ಮತ್ತೆ ಲೆಕ್ಕ ಹಾಕಬೇಕು.

ಪ್ರೋಟೀನಿನಂಥ ದೊಡ್ಡ ಅಣುಗಳಿಗೆ ಕಂಪ್ಯೂಟರ್ ಹೇಗೆ ಲೆಕ್ಕ ಮಾಡುತ್ತದೆ ಎಂಬ ಭಾಗ ಚೆನ್ನಾಗಿದೆ: ಒಂದೊಂದೇ ಧಾತುವಿನ ಹಂಚಿಕೆ ತೆಗೆದು, ಒಂದರೊಳಗೊಂದು ಗುಣಿಸಿ, ತೀರಾ ಚಿಕ್ಕ ಸಂಭವಗಳನ್ನು ಅಲ್ಲಲ್ಲೇ ಕೈಬಿಡುವುದು. ಅದನ್ನು ಮುಟ್ಟಬೇಡಿ.

ಮೆಣಸಿನಿಂದ ಶುರುಮಾಡಿ, ಎಂಡೋಸಲ್ಫಾನಿಗೆ ಬನ್ನಿ, ಪ್ರೋಟೀನಿಗೆ ಮುಗಿಸಿ. ಕೋಷ್ಟಕದ ಬದಲು ಎರಡು ಅಣುಗಳ ಗೆರೆಚಿತ್ರ ಇರಲಿ. ಕೈಯಲ್ಲಿ ಬಿಡಿಸಿದ್ದಾದರೂ ಅಡ್ಡಿಲ್ಲ, ಎತ್ತರಗಳ ಪ್ರಮಾಣ ಮಾತ್ರ ಸರಿಯಿರಬೇಕು.

— ಸಂ.