ನಾನು ಮಾಡುವ ಟೀ ಒಂದು ದಿನ ಒಗರು, ಒಂದು ದಿನ ನೀರು ನೀರು. ಸರಿಯಾಗಿ ಮಾಡೋದು ಹೇಗೆ?

ಕೆಲಸಕ್ಕೆ ಅಂತ ಶಿವಮೊಗ್ಗಕ್ಕೆ ಬಂದು ಒಂದು ಮಳೆಗಾಲ ಕಳೆದಿದ್ದೀರಿ. ರೂಮಿನಲ್ಲಿ ನೀವೇ ಟೀ ಮಾಡಿಕೊಳ್ಳುತ್ತೀರಿ. ನೀರು, ಹಾಲು, ಪುಡಿ, ಸಕ್ಕರೆ ಎಲ್ಲ ಒಟ್ಟಿಗೆ ಹಾಕಿ ಒಲೆ ಮೇಲೆ ಇಡುತ್ತೀರಿ. ರುಚಿ ಒಂದು ದಿನ ಇದ್ದ ಹಾಗೆ ಇನ್ನೊಂದು ದಿನ ಇರುವುದಿಲ್ಲ, ಶುಂಠಿ ಹಾಕಿದ ದಿನ ಹಾಲೇ ಒಡೆಯುತ್ತದೆ ಅಂತ ಬರೆದಿದ್ದೀರಿ. ದಿನಕ್ಕೆ ಎಷ್ಟು ಟೀ ಕುಡಿಯಬಹುದು ಅಂತಲೂ ಕೇಳಿದ್ದೀರಿ. ನಾನು ತೀರ್ಥಹಳ್ಳಿ ಕಡೆಯವನು, ಅಡಿಕೆ ಬೆಳೆಯುವ ಮನೆಯಲ್ಲಿ ಬೆಳೆದವನು. ಈಗ ಶಿವಮೊಗ್ಗದಲ್ಲೇ ಇದ್ದೇನೆ. ನಮ್ಮ ಮನೆಯಲ್ಲಿ ಬೆಳಿಗ್ಗೆಯ ಟೀ ನನ್ನ ಪಾಲಿನ ಕೆಲಸ. ಗೊತ್ತಿರುವುದನ್ನು ಹೇಳುತ್ತೇನೆ.

ಮೊದಲು ಒಗರಿನ ವಿಷಯ. ನೀವು ಕೊಯ್ಲಿನ ಸಮಯದಲ್ಲಿ ಯಾವುದಾದರೂ ಅಡಿಕೆ ಮನೆಗೆ ಹೋಗಿದ್ದೀರಾ? ಸುಲಿದ ಹಸಿ ಅಡಿಕೆಯನ್ನು ದೊಡ್ಡ ಹಂಡೆಯಲ್ಲಿ ಬೇಯಿಸುತ್ತಾರೆ. ಬೆಂದ ಹಾಗೆ ನೀರು ಕೆಂಪಾಗುತ್ತದೆ. ಅದೇ ನೀರಿಗೆ ಮತ್ತೊಂದು ಸಲದ ಅಡಿಕೆ, ಆಮೇಲೆ ಇನ್ನೊಂದು. ಹೀಗೆ ಬೇಯಿಸುತ್ತಾ ಹೋದರೆ ನೀರು ಕಪ್ಪುಗೆಂಪಾಗಿ ಮಂದವಾಗುತ್ತದೆ. ಅದಕ್ಕೆ ಚೊಗರು ಅನ್ನುತ್ತೇವೆ. ಕೆಂಪಡಿಕೆಗೆ ಬಣ್ಣ ಬರುವುದೇ ಅದರಿಂದ. ಚಿಕ್ಕವನಿದ್ದಾಗ ಒಮ್ಮೆ ಬೆರಳು ಅದ್ದಿ ನೆಕ್ಕಿದ್ದೆ. ನಾಲಿಗೆ, ಕೆನ್ನೆಯ ಒಳಗೆಲ್ಲ ಯಾರೋ ಹಿಡಿದು ಎಳೆದ ಹಾಗೆ ಬಿಗಿದುಕೊಂಡಿತ್ತು. ಅಡಿಕೆಯಲ್ಲಿರುವ ಟ್ಯಾನಿನ್ ಮಾಡುವ ಕೆಲಸ ಅದು. ಟೀ ಎಲೆಯಲ್ಲೂ ಅದೇ ಬಳಗದ ಅಂಶಗಳು ಇವೆ. ನೀರಿಗೆ ಸ್ವಲ್ಪ ಬಿಟ್ಟುಕೊಂಡರೆ ಟೀಗೆ ಒಂದು ಕಸುವು ಬರುತ್ತದೆ. ಜಾಸ್ತಿ ಬಿಟ್ಟುಕೊಂಡರೆ ಅದು ಚೊಗರೇ.

ನಮ್ಮ ಅಜ್ಜಿ ಇದನ್ನು ಒಂದೇ ಮಾತಲ್ಲಿ ಹೇಳುತ್ತಿದ್ದರು: 'ಚಾ ಪುಡಿಯನ್ನ ಅಡಿಕೆ ಬೇಯಿಸಿದ ಹಾಗೆ ಬೇಯಿಸಬೇಡ ಮಾರಾಯ.'

ನಿಮ್ಮ ತೊಂದರೆ ಅಲ್ಲೇ ಇದೆ. ಎಲ್ಲ ಒಟ್ಟಿಗೆ ಹಾಕಿ ಇಟ್ಟರೆ, ಹಾಲು ಫ್ರಿಜ್ಜಿನಿಂದ ಬಂದ ದಿನ ಕುದಿ ಬರಲು ಏಳೆಂಟು ನಿಮಿಷ ಬೇಕು. ಅಷ್ಟು ಹೊತ್ತೂ ಪುಡಿ ಬೇಯುತ್ತಲೇ ಇರುತ್ತದೆ. ಹಾಲು ಆಗಲೇ ಬಿಸಿ ಇದ್ದ ದಿನ ಬೇಗ ಉಕ್ಕುತ್ತದೆ, ನೀವು ಬೇಗ ಇಳಿಸುತ್ತೀರಿ, ಪುಡಿ ರಸ ಬಿಟ್ಟೇ ಇರುವುದಿಲ್ಲ. ಅಳತೆ ಒಂದೇ ಇದ್ದರೂ ರುಚಿ ಬೇರೆ ಆಗುವುದು ಇದಕ್ಕೇ. ಹಾಗಾಗಿ ನೀರು ಬೇರೆ, ಹಾಲು ಬೇರೆ ಬಿಸಿ ಮಾಡಿ. ಇದೊಂದು ಬದಲಾವಣೆ ಮಾಡಿದರೆ ಅರ್ಧ ಸರಿಹೋಗುತ್ತದೆ.

ಇಬ್ಬರಿಗೆ ನಾನು ಮಾಡುವ ಅಳತೆ ಇದು. ನೀರು 200 ಮಿಲಿ, ಹಾಲು 150 ಮಿಲಿ, ಪುಡಿ ಎರಡು ಚಹಾ ಚಮಚ ಮಟ್ಟಸವಾಗಿ, ಸಕ್ಕರೆ ಎರಡರಿಂದ ಮೂರು ಚಮಚ. ಒಂದು ಒಲೆಯಲ್ಲಿ ಹಾಲು ಕಾಯಲಿ. ಇನ್ನೊಂದರಲ್ಲಿ ನೀರಿಗೆ ಸಕ್ಕರೆ ಹಾಕಿ ಚೆನ್ನಾಗಿ ಕುದಿಸಿ. ಗುಳ್ಳೆ ದೊಡ್ಡದಾಗಿ ಮಗುಚುವಾಗ ಉರಿ ಸಣ್ಣ ಮಾಡಿ ಪುಡಿ ಹಾಕಿ. ಒಂದು ನಿಮಿಷ, ಜಾಸ್ತಿ ಅಂದರೆ ಒಂದೂವರೆ. ಆಮೇಲೆ ಬಿಸಿ ಹಾಲು ಹೊಯ್ಯಿರಿ. ಒಮ್ಮೆ ಉಕ್ಕಿ ಮೇಲೆ ಬರಲಿ, ಪಾತ್ರೆ ಎತ್ತಿ ಇಳಿಸಿ, ಇನ್ನೊಮ್ಮೆ ಉಕ್ಕಲಿ. ಅಷ್ಟೇ. ಒಲೆ ಆರಿಸಿ, ತಟ್ಟೆ ಮುಚ್ಚಿ ಒಂದು ನಿಮಿಷ ಬಿಟ್ಟು ಸೋಸಿ. ಸೋಸುವಾಗ ಜಾಲರಿಯಲ್ಲಿ ಉಳಿದ ಚರಟವನ್ನು ಚಮಚದಿಂದ ಒತ್ತಿ ಹಿಂಡಬೇಡಿ. ಕೊನೆಗೆ ಇಳಿಯುವ ಆ ನಾಲ್ಕು ಹನಿಯಲ್ಲಿ ಒಗರು ಬಿಟ್ಟರೆ ಬೇರೆ ಏನೂ ಇರುವುದಿಲ್ಲ.

ಬಣ್ಣ ನೋಡಿ ಕಲಿಯಿರಿ. ಹಾಲು ಹೊಯ್ದ ತಕ್ಷಣ ಮಣ್ಣಿನ ಬಣ್ಣ ಇರುತ್ತದೆ. ಮೊದಲ ಉಕ್ಕಿಗೆ ಅದು ಹೊಸ ಹಂಚಿನ ಬಣ್ಣಕ್ಕೆ ತಿರುಗುತ್ತದೆ. ನಮ್ಮ ಕಡೆಯ ಮನೆಗಳ ಮಾಡಿನ ಮೇಲಿರುವ ಕೆಂಪು ಹಂಚು ನೋಡಿದ್ದೀರಲ್ವಾ, ಅದೇ ಬಣ್ಣ. ಅಂಚಿನಲ್ಲಿ ಬೂದು ಛಾಯೆ ಬಂತು ಅಂದರೆ ಕುದಿದದ್ದು ಜಾಸ್ತಿ ಆಯಿತು ಅಂತ ಲೆಕ್ಕ.

ಒಂದೂವರೆ ನಿಮಿಷ ಸಾಕಾ ಅಂತ ಅನ್ನಿಸಬಹುದು. ಸಾಕು. ನಾವೆಲ್ಲ ಅಂಗಡಿಯಿಂದ ತರುವ ಕಾಳು ಕಾಳಾದ ಪುಡಿ ಸಿಟಿಸಿ ಅನ್ನುವ ವಿಧಾನದ್ದು. 1930ರ ದಶಕದಲ್ಲಿ ಅಸ್ಸಾಮಿನಲ್ಲಿ ಶುರುವಾಯಿತು. ಹಲ್ಲುಗಳಿರುವ ರೋಲರುಗಳ ಮಧ್ಯೆ ಎಲೆಯನ್ನು ಹಾಯಿಸಿ ಜಜ್ಜಿ, ಹರಿದು, ಉಂಡೆ ಕಟ್ಟಿಸುತ್ತಾರೆ. ಎಲೆ ಅಷ್ಟು ಪುಡಿಯಾಗಿರುವುದರಿಂದ ಬಣ್ಣ, ಕಸುವು ಎರಡೂ ಬೇಗ ಬಿಡುತ್ತದೆ. ಹೋಟೆಲಿನವರು ಬಳಸುವ ಡಸ್ಟ್ ಇನ್ನೂ ಸಣ್ಣ. ಅದಕ್ಕೇ ಅವರು ಬಟ್ಟೆ ಚೀಲದಲ್ಲಿ ಪುಡಿ ಹಾಕಿ ಮೇಲಿಂದ ಕುದಿನೀರು ಹೊಯ್ದು ಡಿಕಾಕ್ಷನ್ ಇಳಿಸುತ್ತಾರೆ, ಬೇಯಿಸುವ ಗೊಡವೆಯೇ ಇಲ್ಲ. ಬಿಡಿ ಎಲೆಯ ಟೀ ಆದರೆ ಕುದಿಸಲೇಬೇಡಿ. ಒಲೆ ಆರಿಸಿದ ನೀರಿಗೆ ಹಾಕಿ ಮೂರು ನಾಲ್ಕು ನಿಮಿಷ ಮುಚ್ಚಿಡಿ. ಮಲೆನಾಡು ಅಂದರೆ ಕಾಫಿ ಅಂತಲೇ ಎಲ್ಲರಿಗೂ ಗೊತ್ತು. ಆದರೆ ಟೀ ತೋಟವೂ ಇದೆ. ಮೂಡಿಗೆರೆ ತಾಲೂಕಿನ ಕೊಟ್ಟಿಗೆಹಾರದ ಹತ್ತಿರ ಕೆಳಗೂರು. ಆ ಪುಡಿ ಸಿಕ್ಕಿದರೆ ಒಮ್ಮೆ ತಂದು ನೋಡಿ, ನನಗಂತೂ ತುಂಬಾ ಇಷ್ಟ.

ಇನ್ನು ಶುಂಠಿ. ಇದರಲ್ಲಿ ನನಗೂ ಪೆಟ್ಟು ಬಿದ್ದಿದೆ. ಒಂದು ಆಷಾಢದಲ್ಲಿ ಭಾವ ಮಳೆಯಲ್ಲಿ ನೆನೆದುಕೊಂಡು ಮನೆಗೆ ಬಂದರು. ಶುಂಠಿ ಘಮ ಜಾಸ್ತಿ ಇರಲಿ ಅಂತ ಬೆಚ್ಚಗಿನ ಹಾಲಿಗೆ ಹಸಿ ಶುಂಠಿ ತುರಿದು ಹಾಕಿ ಕಾಯಿಸಲು ಇಟ್ಟೆ. ಹಾಲು ಒಡೆದು ಹೋಯಿತು. ಹಾಲೇ ಹಳೆಯದು ಅಂದುಕೊಂಡು ಛತ್ರಿ ಹಿಡಿದು ಹೋಗಿ ಹೊಸ ಪ್ಯಾಕೆಟ್ ತಂದೆ. ಅದೂ ಒಡೆಯಿತು. ಹಾಲಿನದೇನೂ ತಪ್ಪಿರಲಿಲ್ಲ. ಹಸಿ ಶುಂಠಿಯಲ್ಲಿ ಹಾಲಿನ ಪ್ರೋಟೀನನ್ನು ಕತ್ತರಿಸುವ ಒಂದು ಕಿಣ್ವ ಇದೆ. ಚೀನಾದ ದಕ್ಷಿಣದಲ್ಲಿ ಶುಂಠಿ ರಸಕ್ಕೆ ಬಿಸಿ ಹಾಲು ಹೊಯ್ದು, ಮೊಸರಿನ ಹಾಗೆ ಹೆಪ್ಪುಗಟ್ಟಿಸಿ ಸಿಹಿ ಮಾಡಿ ತಿನ್ನುತ್ತಾರಂತೆ, ಅದೂ ಇದೇ ಗುಣದಿಂದ. ಚೆನ್ನಾಗಿ ಕುದಿದರೆ ಈ ಕಿಣ್ವ ಸಾಯುತ್ತದೆ. ಹಾಗಾಗಿ ಶುಂಠಿಯನ್ನು ಜಜ್ಜಿ ಮೊದಲು ನೀರಿಗೇ ಹಾಕಿ, ಎರಡು ಮೂರು ನಿಮಿಷ ಕುದಿಸಿ, ಆಮೇಲೆ ಪುಡಿ, ಕೊನೆಗೆ ಹಾಲು. ಅವತ್ತಿನಿಂದ ನನಗೆ ಒಮ್ಮೆಯೂ ಒಡೆದಿಲ್ಲ. ಇಬ್ಬರಿಗೆ ಹೆಬ್ಬೆರಳಿನ ಉಗುರಿನಷ್ಟು ಶುಂಠಿ ಸಾಕು. ಏಲಕ್ಕಿಯಾದರೆ ಪುಡಿಯ ಜೊತೆ ಹಾಕಿ, ಮೊದಲೇ ಹಾಕಿದರೆ ಘಮ ಆವಿಯಲ್ಲೇ ಹೋಗುತ್ತದೆ. ಹಿತ್ತಲಲ್ಲಿ ಮಜ್ಜಿಗೆ ಹುಲ್ಲು ಇರುವವರ ಪರಿಚಯ ಮಾಡಿಕೊಳ್ಳಿ. ಎರಡು ಎಸಳು ಗಂಟು ಹಾಕಿ ನೀರಲ್ಲಿ ಕುದಿಸಿದರೆ ಮಳೆಗಾಲದ ಸಂಜೆಗೆ ಬೇರೇನೂ ಬೇಡ.

ನೀರಿನ ಬಗ್ಗೆ ನೀವು ಕೇಳಿಲ್ಲ. ಆದರೂ ಹೇಳುತ್ತೇನೆ. ಬೋರ್‌ವೆಲ್ಲಿನ ಗಡಸು ನೀರಲ್ಲಿ ಟೀ ಮಂಕಾಗುತ್ತದೆ, ಮೇಲೆ ಎಣ್ಣೆಯ ಹಾಗೆ ಒಂದು ಪೊರೆ ಕಟ್ಟುತ್ತದೆ. ಗಂಗಾ ಸ್ನಾನ, ತುಂಗಾ ಪಾನ ಅಂತ ಗಾದೆಯೇ ಇದೆಯಲ್ಲ. ಶಿವಮೊಗ್ಗದ ನಲ್ಲಿಯಲ್ಲಿ ಬರುವುದು ಆ ತುಂಗೆಯ ನೀರೇ. ರೂಮಿನಲ್ಲಿ ಎರಡೂ ಇದ್ದರೆ ಟೀಗೆ ನಲ್ಲಿ ನೀರು ಹಿಡಿದಿಟ್ಟುಕೊಳ್ಳಿ. ಹಾಲು ನಾವು ನಂದಿನಿ ಶುಭಂ ತರುತ್ತೇವೆ, ಅದರಲ್ಲಿ 4.5% ಕೊಬ್ಬು ಇರುತ್ತದೆ. ನೀಲಿ ಪ್ಯಾಕೆಟ್ಟಿನ ಟೋನ್ಡ್ ಹಾಲಲ್ಲಿ 3%. ಅದನ್ನು ತರುತ್ತಿದ್ದರೆ ನೀರು 30 ಮಿಲಿ ಕಡಿಮೆ ಮಾಡಿ.

ಪುಡಿಯನ್ನು ಪ್ಯಾಕೆಟ್ಟಿನಲ್ಲೇ ಮಡಚಿ ಇಡಬೇಡಿ. ಇಲ್ಲಿ ಜೂನಿಂದ ಸೆಪ್ಟೆಂಬರ್‌ವರೆಗೆ ಉಪ್ಪಿನ ಡಬ್ಬಿಯೇ ನೀರಾಡುತ್ತದೆ. ಪುಡಿ ಆ ತೇವವನ್ನೂ ಹೀರುತ್ತದೆ, ಪಕ್ಕದ ಇಂಗು, ಸಾಂಬಾರ್ ಪುಡಿಯ ವಾಸನೆಯನ್ನೂ ಹೀರುತ್ತದೆ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ, ಒಣ ಚಮಚ. ಒಮ್ಮೆಗೆ ಕಾಲು ಕೆಜಿಗಿಂತ ಜಾಸ್ತಿ ತರಬೇಡಿ.

ದಿನಕ್ಕೆ ಎಷ್ಟು ಅಂತ ಕೇಳಿದ್ದೀರಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಸೂಚನೆಗಳಲ್ಲಿ ದಿನಕ್ಕೆ 300 ಮಿಲಿಗ್ರಾಂ ಕೆಫೀನ್ ದಾಟಬೇಡಿ ಅಂತ ಹೇಳಿದೆ. ಒಂದು ಕಪ್ ಟೀಯಲ್ಲಿ 30ರಿಂದ 65 ಮಿಲಿಗ್ರಾಂ ಇರುತ್ತದೆ. ಲೆಕ್ಕಕ್ಕೆ ನಾಲ್ಕು ಕಪ್ ಆಗಬಹುದು, ಆದರೆ ಸಕ್ಕರೆಯನ್ನೂ ಎಣಿಸಿಕೊಳ್ಳಿ. ನಾನು ಮೂರಕ್ಕೆ ನಿಲ್ಲಿಸುತ್ತೇನೆ. ಲೆಕ್ಕಕ್ಕಿಂತ ಹೊತ್ತು ಮುಖ್ಯ. ಊಟ, ತಿಂಡಿಯ ಹಿಂದೆ ಮುಂದೆ ಒಂದು ಗಂಟೆ ಟೀ ಬೇಡ ಅಂತ ಅದೇ ಸೂಚನೆಯಲ್ಲಿದೆ. ಟೀಯ ಟ್ಯಾನಿನ್ ಊಟದಲ್ಲಿರುವ ಕಬ್ಬಿಣವನ್ನು ಕಟ್ಟಿಹಾಕುತ್ತದೆ, ಮೈಗೆ ಸೇರಲು ಬಿಡುವುದಿಲ್ಲ. ನನ್ನ ಹೆಂಡತಿಗೆ ರಕ್ತ ಕಡಿಮೆ ಅಂತ ಡಾಕ್ಟರ್ ಹೇಳಿದಾಗ ನಮ್ಮ ಮನೆಯಲ್ಲಿ ದೋಸೆಯ ಜೊತೆ ಟೀ ಕುಡಿಯುವುದು ನಿಂತಿತು. ರೂಮಿನಲ್ಲಿ ಒಬ್ಬರೇ ಇರುವವರು ಬನ್ನು ಟೀಯಲ್ಲೇ ತಿಂಡಿ ಮುಗಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಸಂಜೆ ಆರರ ಮೇಲೆ ಬಿಸಿ ಏನಾದರೂ ಬೇಕು ಅನ್ನಿಸಿದರೆ ಕಷಾಯ ಇದೆ. ಕೊತ್ತಂಬರಿ ಬೀಜ, ಜೀರಿಗೆ, ಸ್ವಲ್ಪ ಕಾಳುಮೆಣಸು ಹುರಿದು ಪುಡಿ ಮಾಡಿಟ್ಟುಕೊಂಡರೆ ತಿಂಗಳಿಗೆ ಬರುತ್ತದೆ. ಇಲ್ಲಿನ ಹಳ್ಳಿ ಮನೆಗೆ ಹೋದರೆ 'ಆಸ್ರಿಗೆ ಎಂತ ಕೊಡ್ಲಿ?' ಅಂತ ಕೇಳುತ್ತಾರೆ. ಕುಡಿಯಲು ಏನು ಬೇಕು ಅಂತ ಅರ್ಥ. ಮೊದಲು ಬೆಲ್ಲ, ನೀರು ಬರುತ್ತದೆ. ಆಮೇಲೆ ಕಾಫಿಯೋ, ಚಾವೋ, ಕಷಾಯವೋ. ಕಷಾಯ ಅನ್ನಿ, ಖುಷಿಯಾಗಿ ಮಾಡಿಕೊಡುತ್ತಾರೆ.

ಕೊನೆಗೆ, ಹಾಲು ತರಲು ಮರೆತ ದಿನಕ್ಕೆ ಅಜ್ಜಿಯ ಬೆಲ್ಲದ ಚಾ. ರಾತ್ರಿ ಮೆಟ್ಟುಗತ್ತಿ ಹಾಕಿಕೊಂಡು ಅಡಿಕೆ ಸುಲಿಯುತ್ತಿದ್ದವರಿಗೆ ಹತ್ತು ಗಂಟೆ ಹೊತ್ತಿಗೆ ಅಜ್ಜಿ ಇದನ್ನು ಮಾಡುತ್ತಿದ್ದರು. ನೀರಿಗೆ ಶುಂಠಿ, ಬೆಲ್ಲ ಹಾಕಿ ಕುದಿಸಿ ಪಾತ್ರೆಯನ್ನು ಒಲೆಯಿಂದ ಕೆಳಗೆ ಇಳಿಸಿ ಬಿಡುವುದು. ಇಳಿಸಿದ ಮೇಲೆಯೇ ಪುಡಿ ಉದುರಿಸುವುದು, ತಟ್ಟೆ ಮುಚ್ಚುವುದು. ಪುಡಿ ತಾನಾಗಿ ತಳಕ್ಕೆ ಕೂತಾಗ ಮೇಲಿನ ತಿಳಿಯನ್ನು ಲೋಟಕ್ಕೆ ಬಗ್ಗಿಸುವುದು. ಸೋಸುವುದೂ ಬೇಡ. ಹಾಲಿಗೆ ಬೆಲ್ಲ ಹಾಕುವುದಾದರೆ ಮಾತ್ರ ಒಲೆ ಆರಿಸಿ ಒಂದು ನಿಮಿಷ ಬಿಟ್ಟು ಹಾಕಿ, ಕುದಿಯುವಾಗ ಹಾಕಿದರೆ ಅದೂ ಒಡೆಯುತ್ತದೆ. ಈ ವಾರ ಮಾಡಿ ನೋಡಿ. ಆಮೇಲೂ ಒಗರು ಉಳಿದರೆ ಯಾವ ಪುಡಿ ತಂದಿದ್ದೀರಿ ಅಂತ ಇಲ್ಲೇ ಬರೆಯಿರಿ. ಪುಡಿ ನೋಡಿಕೊಂಡು ಅಳತೆ ಹೇಳುತ್ತೇನೆ.