ಜ್ವರ ಹೋದ ಮೇಲೆ ಒಂದೇ ಕಡೆ ಮೂಗು ಕಟ್ಟಿದರೆ ಕಾಯಬಹುದಾ?

ನೀವು ಕೇಳಿದ್ದು ಇಷ್ಟು: ಅಪ್ಪನಿಗೆ ಶುಗರ್ ಇದೆ, ವೈರಲ್ ನ್ಯುಮೋನಿಯಾಗೆ ಸ್ಟೆರಾಯ್ಡ್ ಕೊಟ್ಟಿದ್ದರು. ಮನೆಗೆ ಬಂದು ಹತ್ತು ದಿನವಾಯಿತು. ಈಗ ಬಲಗಡೆ ಮಾತ್ರ ಮೂಗು ಕಟ್ಟಿದೆ, ಕೆನ್ನೆ ನೋಯುತ್ತಿದೆ. ಹಬೆ ತಗೊಂಡು ಎರಡು ದಿನ ನೋಡಬಹುದಾ?

ಬೇಡ. ಇವತ್ತೇ ಇಎನ್‌ಟಿ ಡಾಕ್ಟರಿಗೆ ತೋರಿಸಿ. ಸುಮ್ನೆ ನೆಗಡಿಯೂ ಇರಬಹುದು, ಅದನ್ನು ಅವರೇ ಹೇಳಲಿ. ನಾನು ಡಾಕ್ಟರಲ್ಲ, ಗದಗಿನಲ್ಲಿ ಕಿರಾಣಿ ಅಂಗಡಿ ಇಟ್ಟವನು. ಆದರೆ 2021ರ ಮೇ ತಿಂಗಳಲ್ಲಿ ನಾವೂ ಹೀಗೇ ಕಾದಿದ್ದೆವು.

ನಮ್ಮ ಕಾಕಾ ಕೋವಿಡ್‌ನಿಂದ ಎದ್ದು ಎರಡು ವಾರವಾಗಿತ್ತು. "ಮ್ಯಾಲಿನ ಹಲ್ಲು ಅಲ್ಲಾಡಾಕತ್ತಾವ ನೋಡೋ" ಅಂದರು. ಅರವತ್ತು ದಾಟಿದವರ ಹಲ್ಲು, ಅಲ್ವಾ? ಹಲ್ಲಿನ ಡಾಕ್ಟರು ನೋವಿನ ಗುಳಿಗೆ ಕೊಟ್ಟು ಕಳಿಸಿದರು. ಮೂರನೇ ದಿನ ಎಡಗಣ್ಣಿನ ರೆಪ್ಪೆ ಜೋತುಬಿತ್ತು. ಒಂದು ಚಹಾ ಕಪ್ಪು ಎರಡಾಗಿ ಕಾಣತೊಡಗಿತು. ಗಾಡಿ ಮಾಡಿಸಿಕೊಂಡು ಸೀದಾ ಹುಬ್ಬಳ್ಳಿ ಕಿಮ್ಸ್ ಆಸ್ಪತ್ರೆಗೆ ಹೋದೆವು.

ಮ್ಯೂಕರ್‌ಮೈಕೋಸಿಸ್. ಜನ ಬ್ಲ್ಯಾಕ್ ಫಂಗಸ್ ಅನ್ನುವುದು ಇದನ್ನೇ. ಈ ಬೂಷ್ಟು ಮಣ್ಣಲ್ಲಿ, ಕೊಳೆತ ಎಲೆಯಲ್ಲಿ ಇರುತ್ತದೆ. ದಿನಾ ನಮ್ಮ ಮೂಗಿಗೂ ಹೋಗುತ್ತದೆ, ಏನೂ ಆಗುವುದಿಲ್ಲ. ಆದರೆ ಸ್ಟೆರಾಯ್ಡ್ ಮೈಯ ಕಾವಲನ್ನೂ ತಗ್ಗಿಸುತ್ತದೆ, ಶುಗರನ್ನೂ ಏರಿಸುತ್ತದೆ. ಆಗ ಅದು ರಕ್ತನಾಳದೊಳಗೆ ಬೆಳೆದು ರಕ್ತ ತಡೆಯುತ್ತದೆ. ಕಪ್ಪು ಬಣ್ಣ ಬೂಷ್ಟಿನದಲ್ಲ, ಸತ್ತ ಮಾಂಸದ್ದು. ಕಪ್ಪಾದ ಮೇಲೆ ಹೋದರಾಯಿತು ಅಂತ ಕೂತರೆ ಅಷ್ಟು ಭಾಗ ಆಗಲೇ ಹೋಗಿರುತ್ತದೆ. ರಕ್ತ ಹರಿಯದ ಕಡೆ ಔಷಧವೂ ತಲುಪುವುದಿಲ್ಲ, ಅದಕ್ಕೇ ಕೆತ್ತಿ ತೆಗೆಯುತ್ತಾರೆ.

ಕಾಕಾನ ಎಡ ಮೇಲ್ದವಡೆ ತೆಗೆದರು. ಕಣ್ಣು ಉಳಿಯಿತು. ಈ ಬೂಷ್ಟಿಗೆ ಕೊಡುವ ಆಂಫೊಟೆರಿಸಿನ್ ಇಂಜೆಕ್ಷನ್‌ಗೆ ಆಗ ದೇಶದ ತುಂಬ ಕೊರತೆ. ಸಿಕ್ಕ ಮೇಲೂ ಅದು ಕಿಡ್ನಿಗೆ ಪೆಟ್ಟು ಕೊಡುತ್ತದೆ ಅಂತ ಮತ್ತೆ ಮತ್ತೆ ರಕ್ತ ಪರೀಕ್ಷೆ. ಈಗ ಅಂಗುಳಕ್ಕೆ ಪ್ಲೇಟ್ ಹಾಕಿಕೊಂಡು ಊಟ ಮಾಡುತ್ತಾರೆ. ಖಡಕ್ ರೊಟ್ಟಿ ಬಿಟ್ಟಿದ್ದಾರೆ, ಬಿಸಿ ರೊಟ್ಟಿ ನಡೆಯುತ್ತದೆ.

ಅಪ್ಪನ ಶುಗರನ್ನು ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಮಾತ್ರ ನೋಡಬೇಡಿ. ಸ್ಟೆರಾಯ್ಡ್‌ನಿಂದ ಊಟದ ನಂತರ, ಮಧ್ಯಾಹ್ನದ ಮೇಲೆ ಜಾಸ್ತಿ ಏರುತ್ತದೆ. ಸ್ಟೆರಾಯ್ಡ್ ಗುಳಿಗೆ ಇನ್ನೂ ನಡೆದಿದ್ದರೆ ನೀವಾಗಿ ನಿಲ್ಲಿಸಬೇಡಿ. ಮನೆಯವರಿಗೆ ಅಂಟುವ ರೋಗವಲ್ಲ, ಆ ಹೆದರಿಕೆ ಬಿಡಿ. ಹೋಗುವಾಗ ಡಿಸ್ಚಾರ್ಜ್ ಸಮ್ಮರಿ ಒಯ್ಯಿರಿ. ಸ್ಟೆರಾಯ್ಡ್ ಎಷ್ಟು ದಿನ ಕೊಟ್ಟಿದ್ದರು ಅಂತಲೇ ಡಾಕ್ಟರು ನಮ್ಮನ್ನು ಮೊದಲು ಕೇಳಿದ್ದು, ನಮ್ಮ ಚೀಟಿ ಗದಗಿನ ಮನೆಯಲ್ಲೇ ಉಳಿದಿತ್ತು.