ಓದುಗರ ಪ್ರಶ್ನೆ: ಲೈನ್ ಕಟ್ಟಾದರೂ ಲಾಗಿನ್ ಉಳಿಯುತ್ತದೆ

ಪ್ರಶ್ನೆ: ನಮ್ಮ ಕಾಫಿ ಗೋದಾಮಿನ ಕಚೇರಿಯ ಲಿನಕ್ಸ್ ಯಂತ್ರಕ್ಕೆ ಮೂಡಿಗೆರೆ ಶಾಖೆಯವರು ಮೋಡೆಮ್ ಮೂಲಕ ಡಯಲ್ ಮಾಡುತ್ತಾರೆ. ಮಳೆಗಾಲದಲ್ಲಿ ಲೈನ್ ಕಟ್ಟಾಗುತ್ತದೆ. ಮತ್ತೆ ಡಯಲ್ ಮಾಡಿದವರಿಗೆ ಪಾಸ್‌ವರ್ಡ್ ಕೇಳದೆ ಹಿಂದಿನವರ ಶೆಲ್ಲೇ (ಆದೇಶ ಟೈಪ್ ಮಾಡುವ ಪ್ರೋಗ್ರಾಂ) ಸಿಗುತ್ತದೆ. ಏಕೆ?
– ಓದುಗರು, ಚಿಕ್ಕಮಗಳೂರು

ಉತ್ತರ: ಲೈನ್ ಕಟ್ಟಾಗುವುದು ಹಾಗಿರಲಿ, ಮೊದಲು ಈ ತೆರೆದ ಶೆಲ್ ಮುಚ್ಚಿಸಿ. ಲೈನ್ ಹೋದದ್ದು ಮೋಡೆಮ್‌ಗೆ ಗೊತ್ತು, ಯಂತ್ರಕ್ಕೆ ತಲುಪುತ್ತಿಲ್ಲ. ಕ್ಯಾರಿಯರ್ (ಆ ಕಡೆಯ ಮೋಡೆಮ್‌ನ ಸಂಕೇತ) ಇದೆಯೋ ಇಲ್ಲವೋ ಎಂಬ ಸುದ್ದಿ ಯಂತ್ರಕ್ಕೆ ಹೊರುವುದು ಡಿಸಿಡಿ ತಂತಿ: 9 ಪಿನ್ ಕನೆಕ್ಟರ್‌ನಲ್ಲಿ 1ನೇ ಪಿನ್, 25 ಪಿನ್‌ನದರಲ್ಲಿ 8ನೆಯದು. ಮೂರೇ ತಂತಿಯ ಅಗ್ಗದ ಕೇಬಲ್‌ನಲ್ಲಿ ಅದು ಇರುವುದೇ ಇಲ್ಲ, ಅಂಥದ್ದಾದರೆ ಬದಲಿಸಿ.

ಕೇಬಲ್ ಸರಿಯಿದ್ದರೆ ಮೋಡೆಮ್‌ಗೆ ‘ಎಟಿ&ಸಿ1&ಡಿ2&ಡಬ್ಲ್ಯು’ ಕೊಡಿ. &ಸಿ0 ಇದ್ದರೆ ಡಿಸಿಡಿ ಸದಾ ಆನ್. &ಡಿ2 ಇದ್ದರೆ ಯಂತ್ರ ಡಿಟಿಆರ್ (‘ನಾನು ಸಿದ್ಧ’ ಎಂದು ಮೋಡೆಮ್‌ಗೆ ಹೇಳುವ ತಂತಿ) ಇಳಿಸಿದ ಕೂಡಲೇ ಮೋಡೆಮ್ ಲೈನ್ ಬಿಡುತ್ತದೆ. &ಡಬ್ಲ್ಯು ಮರೆತರೆ ಕರೆಂಟ್ ಹೋಗಿ ಬಂದಾಗ ಎಲ್ಲ ಹಳೆಯದೇ.

ಆಮೇಲೆ ಇನಿಟ್‌ಟ್ಯಾಬ್ (ಹಳೆಯ ಲಿನಕ್ಸ್‌ಗಳಲ್ಲಿ ಯಾವ ಲೈನಿನಲ್ಲಿ ಯಾವ ಪ್ರೋಗ್ರಾಂ ಓಡಬೇಕೆಂದು ಹೇಳುವ ಫೈಲ್) ನೋಡಿ. ಲೈನಿನಲ್ಲಿ ಲಾಗಿನ್ ಕೇಳುವ ಗೆಟ್ಟಿ ಪ್ರೋಗ್ರಾಂ ಆದ ಎಗೆಟ್ಟಿಯ ಸಾಲಿನಲ್ಲಿ ‘-ಎಲ್’ ಇದ್ದರೆ ತೆಗೆಯಿರಿ. ಅದು ನೇರ ತಂತಿಯ ಟರ್ಮಿನಲ್‌ಗಾಗಿ ಇರುವುದು. ಕ್ಯಾರಿಯರ್ ಲೆಕ್ಕಿಸಬೇಡ ಎನ್ನುತ್ತದೆ. ‘ಇನಿಟ್ ಕ್ಯು’ ಕೊಟ್ಟು ಫೈಲನ್ನು ಮತ್ತೆ ಓದಿಸಿ, ಹಳೆಯ ಗೆಟ್ಟಿಯನ್ನು ಕೊಲ್ಲಿ. ಇನ್ನೂ ಒಳ್ಳೆಯದು ಎಂಗೆಟ್ಟಿ; ಅದು ರಿಂಗ್ ಕೇಳಿ ತಾನೇ ಫೋನ್ ಎತ್ತುವುದರಿಂದ, ಮೋಡೆಮ್ ತಾನಾಗಿ ಎತ್ತದಂತೆ ಎಸ್0=0 ಇರಲಿ.

ಪರೀಕ್ಷೆ: ಒಬ್ಬರು ಲಾಗಿನ್ ಆಗಿರುವಾಗ ಮೋಡೆಮ್‌ನ ಫೋನ್ ವೈರ್ ಕಿತ್ತುಬಿಡಿ. ಸಿಡಿ ದೀಪ ಆರಿದ ಕೂಡಲೇ ಕರ್ನೆಲ್ ಶೆಲ್‌ಗೆ ಹ್ಯಾಂಗಪ್ ಸಿಗ್ನಲ್ ಕಳಿಸಬೇಕು, ಲಾಗಿನ್ ಆಗಿರುವವರನ್ನು ತೋರಿಸುವ ‘ಹೂ’ (who) ಆದೇಶದ ಪಟ್ಟಿಯಿಂದ ಹೆಸರು ಹೋಗಬೇಕು. ದೀಪ ಆರಿಯೂ ಹೆಸರು ಉಳಿದರೆ ಕೇಬಲ್ ಅಥವಾ ಗೆಟ್ಟಿ. ದೀಪವೇ ಆರದಿದ್ದರೆ ಮೋಡೆಮ್ ಸೆಟ್ಟಿಂಗ್.

ಇದಾದ ಮೇಲೆ ಲೈನ್ ಹೋದರೆ ನಡೆಯುತ್ತಿದ್ದ ರಿಪೋರ್ಟೂ ಸಾಯುತ್ತದೆ. ದೊಡ್ಡ ಕೆಲಸವನ್ನು, ಲೈನ್ ಹೋದರೂ ಅದು ಸಾಯದಂತೆ, ‘ನೋಹಪ್’ (nohup) ಹಾಕಿ ಅಥವಾ ‘ಸ್ಕ್ರೀನ್’ (screen) ಪ್ರೋಗ್ರಾಂ ಒಳಗೆ ಓಡಿಸಲು ಹೇಳಿ.

ಕಡಿತ ಕಡಿಮೆ ಮಾಡಲು, ಕ್ಯಾರಿಯರ್ ಹೋದ ಮೇಲೆ ಮೋಡೆಮ್ ಎಷ್ಟು ಹೊತ್ತು ಕಾಯಬೇಕೆಂದು ಹೇಳುವ ಎಸ್10 ಏರಿಸಿ. ಬಹಳ ಮೋಡೆಮ್‌ಗಳಲ್ಲಿ ಅದು 14, ಅಂದರೆ 1.4 ಸೆಕೆಂಡ್, 40 ಮಾಡಿದರೆ ಚಿಕ್ಕ ಗೊರಗೊರ ತಡೆದುಕೊಳ್ಳುತ್ತದೆ. ಎರಡೂ ಕಡೆ ಏರಿಸಬೇಕು. 255 ಮಾತ್ರ ಬೇಡ. ಹಲವು ಮೋಡೆಮ್‌ಗಳು ಆಗ ಕ್ಯಾರಿಯರ್ ಹೋದದ್ದನ್ನೇ ಗಮನಿಸುವುದಿಲ್ಲ. ಆ ನಂಬರಿಗೆ ಕಾಲ್ ವೇಟಿಂಗ್ ಇದ್ದರೆ ತೆಗೆಸಿ.

ಪ್ರಶ್ನೆ: ಎಡಿಟರ್ ಪ್ರೋಗ್ರಾಂ ಅರ್ಧಕ್ಕೆ ನಿಂತ ಮೇಲೆ ಟೈಪ್ ಮಾಡಿದ್ದು ಕಾಣುವುದಿಲ್ಲ, ಎಂಟರ್ ಕೂಡ ಕೆಲಸ ಮಾಡುವುದಿಲ್ಲ.
– ಓದುಗರು, ಹಾಸನ

ಉತ್ತರ: ಎಡಿಟರ್ ಟರ್ಮಿನಲ್ಲನ್ನು ಕಚ್ಚಾ ಸ್ಥಿತಿಯಲ್ಲೇ ಬಿಟ್ಟು ಹೋಗಿದೆ. ಕಂಟ್ರೋಲ್-ಜೆ ಒತ್ತಿ, ಕಾಣದಿದ್ದರೂ ‘ಎಸ್‌ಟಿಟಿವೈ ಸೇನ್’ (stty sane) ಟೈಪ್ ಮಾಡಿ, ಮತ್ತೆ ಕಂಟ್ರೋಲ್-ಜೆ ಒತ್ತಿ. ಎಂಟರ್ ಕೀಲಿ ಕಳಿಸುವ ಅಕ್ಷರದ ಸಂಖ್ಯೆ 13, ಶೆಲ್ ಸಾಲು ಮುಗಿಯಿತೆಂದು ತಿಳಿಯುವುದು 10ರಿಂದ. ಅದನ್ನು 10 ಮಾಡಿಕೊಡುವ ವ್ಯವಸ್ಥೆ ಆಗ ಬಂದ್ ಆಗಿರುತ್ತದೆ, ಕಂಟ್ರೋಲ್-ಜೆ ನೇರವಾಗಿ 10 ಕಳಿಸುತ್ತದೆ. ಅಕ್ಷರಗಳ ಬದಲು ಗೆರೆ, ಮೂಲೆಗಳು ಬಂದರೆ ‘ರಿಸೆಟ್’ ಕೊಡಿ.